ಬ್ಲ್ಯಾಕ್ ರಾಕ್ ಮರುಭೂಮಿಯ ಸ್ಥಳಾಕೃತಿ ನಕ್ಷೆಗಳು: ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ
ಅಮೆರಿಕ ಸಂಯುಕ್ತ ಸಂಸ್ಥಾನದ ನೆವಾಡ ರಾಜ್ಯದ ವಾಯವ್ಯ ಭಾಗದಲ್ಲಿರುವ ಬ್ಲ್ಯಾಕ್ ರಾಕ್ ಮರುಭೂಮಿಯ ಬಯಲು ಸಮುದ್ರ ಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದಲ್ಲಿರುತ್ತದೆ. 1843-44ರ ಚಳಿಗಾಲದಲ್ಲಿ ಜಾನ್ ಫ್ರೀಮಾಂಟ್ ಅವರ ತಂಡವು ಇಲ್ಲಿ ಸಂಚರಿಸಿತು. ನಕ್ಷೆಗಾರರಾದ ಚಾರ್ಲ್ಸ್ ಪ್ರೂಸ್ ಅವರು ತಂಡದಲ್ಲಿದ್ದರು. 1846ರಲ್ಲಿ ಆಪಲ್‌ಗೇಟ್ ಮಾರ್ಗವು ತೆರೆಯಲ್ಪಟ್ಟಿತು. 1849ರಲ್ಲಿ ಚಿನ್ನವನ್ನರಸಿ ಹೊರಟ ಸಾವಿರಾರು ವಲಸಿಗರು ಈ ಮರುಭೂಮಿಯನ್ನು ದಾಟಿದರು. ಚಿಲುಮೆಗಳ ನಡುವಣ ದೂರವನ್ನು ಕ್ರಮಿಸಲಾಗದೆ ಅನೇಕ ಎತ್ತುಗಳು ಮಾರ್ಗದಲ್ಲಿಯೇ ಸತ್ತವು.

ನಕ್ಷೆಯ ವಿವರ
1879ರಲ್ಲಿ ಸ್ಥಾಪಿತವಾದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಈ ನಕ್ಷೆಗಳನ್ನು ಪ್ರಕಟಿಸುತ್ತದೆ. 1:24,000 ಪ್ರಮಾಣದ ನಕ್ಷೆಯಲ್ಲಿ 1 ಸೆಂಟಿಮೀಟರ್ ನೆಲದ ಮೇಲಿನ 240 ಮೀಟರಿಗೆ ಸಮನಾಗಿರುತ್ತದೆ. ಕಂದು ಬಣ್ಣದ ಸಮೋನ್ನತಿ ರೇಖೆಗಳು ಎತ್ತರವನ್ನೂ ನೀಲಿ ಬಣ್ಣವು ಜಲಮೂಲಗಳನ್ನೂ ಸೂಚಿಸುತ್ತವೆ. ರೇಖೆಗಳು ಒತ್ತೊತ್ತಾಗಿದ್ದಲ್ಲಿ ಕಡಿದಾದ ಇಳಿಜಾರು ಇರುತ್ತದೆ. ಒಣ ಸರೋವರದ ಬಯಲು ಅತ್ಯಂತ ಸಮತಟ್ಟಾಗಿರುವುದರಿಂದ ಅಲ್ಲಿ ರೇಖೆಗಳು ಬಹಳ ವಿರಳ. ಆದ್ದರಿಂದ ಅಲ್ಲಿ ದಿಕ್ಕನ್ನು ಸುತ್ತಲಿನ ಬೆಟ್ಟಗಳು ಹಾಗೂ ದಿಕ್ಸೂಚಿಯ ನೆರವಿನಿಂದಲೇ ಗುರುತಿಸಬೇಕಾಗುತ್ತದೆ.

ನಕ್ಷೆ ಪಡೆಯುವ ವಿಧಾನ
1. 2009ರಿಂದ ಪ್ರಕಟವಾಗುತ್ತಿರುವ ಗಣಕೀಕೃತ ನಕ್ಷೆಗಳನ್ನು ಸಂಸ್ಥೆಯ ಜಾಲತಾಣದಿಂದ ಉಚಿತವಾಗಿ ಪಡೆಯಬಹುದು, ಅರ್ಜಿಯ ಅಗತ್ಯವಿಲ್ಲ.
2. ಹಳೆಯ ಮುದ್ರಿತ ನಕ್ಷೆಗಳ ಪ್ರತಿಗಳೂ ಅಲ್ಲಿ ಉಚಿತವಾಗಿ ಲಭ್ಯವಿರುತ್ತವೆ.
3. ಕಾಗದದ ಪ್ರತಿಗೆ ನಿಗದಿತ ಬೆಲೆ ಪಾವತಿಸತಕ್ಕದ್ದು.

ಹೊಸ ನಕ್ಷೆಗಳನ್ನು ದತ್ತಾಂಶ ಸಂಗ್ರಹದಿಂದ ರಚಿಸಲಾಗುತ್ತಿದ್ದು, ಪ್ರತಿಯೊಂದು ವಿವರವನ್ನೂ ಸ್ಥಳದಲ್ಲಿ ಪರಿಶೀಲಿಸಿರುವುದಿಲ್ಲ. ಹಳೆಯ ನಕ್ಷೆಗಳಲ್ಲಿರುವ ಕೆಲವು ಚಿಲುಮೆ ಮತ್ತು ಹಾದಿಗಳು ಇವುಗಳಲ್ಲಿ ಇಲ್ಲದಿರಬಹುದು. ಎರಡನ್ನೂ ಹೋಲಿಸಿ ನೋಡುವುದು ಸೂಕ್ತ.

ಪ್ರವಾಸಿಗರ ಗಮನಕ್ಕೆ
ನಕ್ಷೆಯಲ್ಲಿ ಚಿಲುಮೆಯ ಗುರುತಿದ್ದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದು ಭಾವಿಸಬಾರದು. ಡಬಲ್ ಹಾಟ್ ಸ್ಪ್ರಿಂಗ್ಸ್‌ನಂತಹ ಚಿಲುಮೆಗಳ ನೀರು ಮೈ ಸುಡುವಷ್ಟು ಬಿಸಿಯಾಗಿರುತ್ತದೆ. ಒದ್ದೆಯಾದ ಬಯಲಿನಲ್ಲಿ ವಾಹನಗಳು ಹೂತುಹೋಗುತ್ತವೆ. ಅಗತ್ಯ ನೀರನ್ನು ಜೊತೆಯಲ್ಲಿಯೇ ಒಯ್ಯತಕ್ಕದ್ದು.

2000ದಲ್ಲಿ ಈ ಪ್ರದೇಶವನ್ನು ವಲಸೆ ಮಾರ್ಗಗಳ ಸಹಿತ ರಾಷ್ಟ್ರೀಯ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಗಿದೆ. ಬಂಡಿಚಕ್ರಗಳ ಗುರುತುಗಳು ಕೆಲವೆಡೆ ಇಂದಿಗೂ ಉಳಿದಿವೆ. ಅವುಗಳಿಗೆ ಧಕ್ಕೆಯಾಗದಂತೆ ಸಂಚರಿಸಲು ಕೋರಲಾಗಿದೆ.