ಕೋಳಿಗೆ ಬರುವ ಕೊಕ್ಕರೆ ರೋಗ

ನಮ್ಮೂರಲ್ಲಿ ಕೋಳಿ ಸಾಯೋಕೆ ಶುರುವಾದರೆ "ರೋಗ ಬಂತು" ಅಂತಾರೆ, ಯಾವ ರೋಗ ಅಂತ ಯಾರೂ ಕೇಳುವುದಿಲ್ಲ. ಹೆಚ್ಚಾಗಿ ಅದು ಕೊಕ್ಕರೆ ರೋಗ. ಪುಸ್ತಕದಲ್ಲಿ ರಾಣಿಖೇತ್ ರೋಗ ಎಂದಿರುತ್ತದೆ. ರಾಣಿಖೇತ್ ಹಿಮಾಲಯದ ಕಡೆಯ ಒಂದು ಊರು. ಇಂಗ್ಲೆಂಡಿನಲ್ಲಿ ಇದೇ ರೋಗ 1926ರಲ್ಲಿ ನ್ಯೂಕ್ಯಾಸಲ್ ಎಂಬ ಊರಲ್ಲಿ ಕಂಡಿತು, ಅವರು ಆ ಹೆಸರನ್ನೇ ಇಟ್ಟರು. ಪಾಪ, ಎರಡು ಊರಿಗೂ ಕೆಟ್ಟ ಹೆಸರು!

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ 11 ಕೋಳಿಗಳಲ್ಲಿ 7 ಒಂದೇ ವಾರದಲ್ಲಿ ಸತ್ತವು. ಅಜ್ಜಿ ಮೊಟ್ಟೆ ಮಾರಿದ ದುಡ್ಡಲ್ಲೇ ನನ್ನ ನೋಟುಬುಕ್ಕು ಬರುತ್ತಿತ್ತು. ಆಗ ನಾನು ನೋಡಿದ್ದು ಹೀಗೆ: ಮೊದಲು ಕೋಳಿ ಮೇವು ಬಿಟ್ಟು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತದೆ. ಆಮೇಲೆ ಕತ್ತು ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತದೆ, ಗಂಟಲಲ್ಲಿ ಗೊರಗೊರ ಸದ್ದು. ಹಿಕ್ಕೆ ಹಸಿರು ಬಿಳಿ ನೀರಿನಂತೆ. ಕೆಲವಕ್ಕೆ ಕಾಲು ಬಿದ್ದುಹೋಗಿ ಕತ್ತು ತಿರುಚಿಕೊಳ್ಳುತ್ತದೆ. ಮೊಟ್ಟೆ ಇಡುವುದು ನಿಂತೇಹೋಗುತ್ತದೆ, ಇಟ್ಟರೂ ಸಿಪ್ಪೆ ಮೆತ್ತಗೆ.

ಇದು ವೈರಸ್ ರೋಗ. ಬಂದ ಮೇಲೆ ಔಷಧಿ ಇಲ್ಲ. ಅರಿಶಿನ, ಬೆಳ್ಳುಳ್ಳಿ ತಿನ್ನಿಸಿದರೆ ವೈರಸ್ ಸಾಯುವುದಿಲ್ಲ. ರೋಗದ ಕೋಳಿಯ ಉಸಿರು, ಸಿಂಬಳ, ಹಿಕ್ಕೆಯಿಂದ ಹರಡುತ್ತದೆ. ನಮ್ಮ ಚಪ್ಪಲಿ, ಸಂತೆಯ ಕುಕ್ಕೆಗೆ ಅಂಟಿಕೊಂಡೂ ಬರುತ್ತದೆ. ಮೈಯೊಳಗೆ ಸೇರಿದ ಮೇಲೆ ಲಕ್ಷಣ ಕಾಣೋಕೆ ಸಾಮಾನ್ಯವಾಗಿ ಐದಾರು ದಿನ, ಕೆಲವು ಸಲ 15 ದಿನವೂ ಆಗಬಹುದು. ಅದಕ್ಕೇ ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಕಡೆ ಮುಚ್ಚಿಡಬೇಕು. ಸತ್ತದ್ದನ್ನು ಹಳ್ಳಕ್ಕೆ ಎಸೆಯುವುದು ನನಗೆ ಸರಿ ಕಾಣುವುದಿಲ್ಲ. ನಾಯಿ ಎಳೆದು ತಂದು ಇನ್ನೊಂದು ಕೇರಿಗೆ ಹಾಕುತ್ತದೆ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಕೈ ಸೋಪಿನಲ್ಲಿ ತೊಳೆಯಬೇಕು. ಮನುಷ್ಯರಿಗೂ ಕಣ್ಣು ಕೆಂಪಾಗುವುದುಂಟು.

ಉಳಿಸುವುದು ಲಸಿಕೆ ಒಂದೇ. ಮರಿಗೆ ಒಂದು ವಾರದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ. ಎಂಟನೇ ವಾರದ ಸುಮಾರಿಗೆ ಚುಚ್ಚುಮದ್ದು. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಿಸಬೇಕು.

ತೊಂದರೆ ಏನೆಂದರೆ, ಲಸಿಕೆಯನ್ನು ಐಸಿನಲ್ಲೇ ತರಬೇಕು. ಒಂದು ಸೀಸೆ ನೂರಾರು ಕೋಳಿಗೆ ಆಗುತ್ತದೆ, ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಾಲ್ಕು ಕೋಳಿಗೆ ಅಂತ ಸೀಸೆ ಒಡೆದರೆ ಉಳಿದದ್ದು ದಂಡ. ಎಲ್ಲ ಮನೆಯ ಕೋಳಿ ಒಂದೇ ದಿನ ಸೇರಿಸಿದರೆ ಪಶು ಆಸ್ಪತ್ರೆಯವರನ್ನು ಕರೆಯಬಹುದು. ಬೆಳಿಗ್ಗೆ ಗೂಡು ತೆರೆಯುವ ಮುಂಚೆ ಆದರೆ ಹಿಡಿಯೋಕೂ ಸುಲಭ. ಗೆಳೆಯರೇ, ನಿಮ್ಮ ಮನೆಯಲ್ಲಿ ಎಷ್ಟು ಕೋಳಿ ಇವೆ ಅಂತ ಈ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆಯಿರಿ. ನಮ್ಮನೆಯಲ್ಲಿ ಈಗ 4.