ಮಾದನಿಗೆ ಜಾತಿಯಿಲ್ಲ

ಯಲಿಯೂರಿನಂಥ ಮಂಡ್ಯ ಸೀಮೆಯ ಊರುಗಳ ಹಳೆಯ ಮತದಾರರ ಪಟ್ಟಿಯಲ್ಲಿ ಕಣ್ಣಾಡಿಸಿದರೆ ಮಾದೇಗೌಡ, ಮಾದಯ್ಯ, ಮಾದಶೆಟ್ಟಿ, ಮಾದಮ್ಮ ಎಂಬ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಎಲ್ಲದರ ಬೇರೂ ಒಂದೇ. ಹನೂರು ತಾಲ್ಲೂಕಿನ ಬೆಟ್ಟದ ಮಲೆ ಮಹದೇಶ್ವರನನ್ನು ಈ ಕಡೆಯ ಜನ ಮಾದಪ್ಪ ಎನ್ನುತ್ತಾರೆ. ಮಕ್ಕಳಾಗದವರು ಅವನಿಗೆ ಹರಕೆ ಹೊತ್ತು, ಹುಟ್ಟಿದ ಕೂಸಿನ ಮುಡಿಯನ್ನು ಬೆಟ್ಟದಲ್ಲಿ ಕೊಟ್ಟು, ಹೆಸರನ್ನೂ ಅವನದೇ ಇಡುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರಾದರೆ ದೊಡ್ಡಮಾದ, ಚಿಕ್ಕಮಾದ. ಅಜ್ಜನ ಹೆಸರು ಮೊಮ್ಮಗನಿಗೆ ಬಂದರೆ ಮತ್ತೆ ಮಾದ. ಶಾಲೆಯ ದಾಖಲಾತಿಗೆ ಬಂದಾಗ ಮಾದ ಮಹದೇವನಾದ, ಊರವರ ಬಾಯಲ್ಲಿ ಮಹದೇವು ಆದ, ಮುಂದಿನ ತಲೆಮಾರಿನಲ್ಲಿ ಮಹೇಶನಾದ. ಮಹೇಶನವರೆಗೆ ಬರುವಷ್ಟರಲ್ಲಿ ಬೆಟ್ಟದ ಗುರುತು ಅಳಿಸಿಹೋಗಿರುತ್ತದೆ.

ಹೋದರೆ ಹೋಗಲಿ, ಇಂಥ ಹೆಸರುಗಳು ಜಾತಿಯನ್ನು ಬಾಗಿಲಲ್ಲೇ ಹೇಳಿಬಿಡುತ್ತವೆ ಎನ್ನುವವರಿದ್ದಾರೆ. ಹೆಸರು ಕೇಳಿದೊಡನೆ ಚಾಪೆಯೋ ಜಗಲಿಯೋ ಎಂದು ತೀರ್ಮಾನವಾಗುತ್ತಿದ್ದ ಸಮಾಜದಲ್ಲಿ ಈ ಮಾತಿಗೆ ತೂಕವಿದೆ. ಅವಮಾನ ಉಂಡವರು ಹೆಸರು ಬದಲಿಸಿಕೊಂಡದ್ದನ್ನು ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಜಾತಿ ಕೂತಿರುವುದು ಹೆಸರಿನ ಬಾಲದಲ್ಲಿ. ಗೌಡ, ಶೆಟ್ಟಿ, ಅಯ್ಯ ಎಂಬವನ್ನು ಕಳಚಿದರೆ ಉಳಿಯುವ ಮಾದ ಒಕ್ಕಲಿಗರಿಗೂ ಕುರುಬರಿಗೂ ದಲಿತರಿಗೂ ಸೋಲಿಗರಿಗೂ ಸೇರಿದವನು. ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವ ಮಾದಪ್ಪನ ಕಥೆಯಲ್ಲೂ ಈ ಸಮುದಾಯಗಳು ಬಂದುಹೋಗುತ್ತವೆ. ಬಾಲದ ಮೇಲಿನ ಸಿಟ್ಟಿಗೆ ಬೇರನ್ನೇ ಕಿತ್ತಂತಾಗಿದೆ ಎಂಬುದು ನನ್ನ ವಾದ. ದೂರದ ಫಿನ್ಲೆಂಡಿನಲ್ಲಿ ಇದಕ್ಕೆ ತಿರುಗುಮುರುಗಾದುದು ನಡೆಯಿತು. ಎಲಿಯಾಸ್ ಲೊನ್‌ರೋಟ್ ಹಳ್ಳಿಯ ಹಾಡುಗಳಿಂದ ಕಟ್ಟಿದ 'ಕಲೇವಲ' 1835ರಲ್ಲಿ ಅಚ್ಚಾದ ಮೇಲೆ ಓದು ಬಲ್ಲ ಮನೆಗಳವರೇ ಅದರ ಪಾತ್ರಗಳಿಂದ ಐನೋ, ವೈನೋ ಎಂಬ ಹೆಸರುಗಳನ್ನು ಮಕ್ಕಳಿಗಿಟ್ಟರು. ನಮ್ಮಲ್ಲಿ ಹಾಡೂ ಹೆಸರೂ ಒಟ್ಟಿಗೇ ಇದ್ದವು, ಓದು ಬಂದಾಗ ಹೆಸರನ್ನು ಬಿಟ್ಟೆವು.

ಹಳ್ಳಿ ಹೆಸರು ಹೊತ್ತು ಮೇಲೆ ಬರಲಾಗದು ಎಂಬ ಅಂಜಿಕೆಗೂ ಆಧಾರ ಸಾಲದು. ಕಾವೇರಿ ಹೋರಾಟದ ಮುಂದಾಳು ಜಿ. ಮಾದೇಗೌಡರನ್ನು ಮಂಡ್ಯ 1989 ಮತ್ತು 1991ರಲ್ಲಿ ಲೋಕಸಭೆಗೆ ಕಳಿಸಿದ್ದು ಆ ಹೆಸರಿನಲ್ಲೇ. ಆದರೂ ರಾಜ್‌ಕುಮಾರ್ ಹೆಸರು ಬದಲಿಸಿಕೊಂಡರಲ್ಲ ಎಂದು ಕೇಳಬಹುದು. ನಿಜ, ಮಳವಳ್ಳಿ ತಾಲ್ಲೂಕಿನ ಕಾವೇರಿ ದಡದ ಮುತ್ತತ್ತಿರಾಯನ ಹೆಸರಿನಿಂದ ಮುತ್ತುರಾಜನಾಗಿದ್ದವರು 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದರು. ಅದು ಬೆಳ್ಳಿತೆರೆಯ ಅಗತ್ಯ, ಮನೆಯವರು ಇಟ್ಟದ್ದಲ್ಲ. ಅವರ ಮಗ ಶಿವರಾಜ್‌ಕುಮಾರ್ 2008ರಲ್ಲಿ ನಾಯಕನಾದ ಚಿತ್ರದ ಹೆಸರು 'ಮಾದೇಶ'. ಜಾತಿಯ ಬಾಲವಿಲ್ಲದ, ಮಾದಪ್ಪ ಮಾತ್ರ ಉಳಿದಿರುವ ಆ ಹೆಸರನ್ನು ಈ ಸೀಮೆಯ ಮನೆಗಳು ಬಹಳ ಕಾಲದಿಂದ ಮಕ್ಕಳಿಗೆ ಇಡುತ್ತಲೂ ಇವೆ.