ಗಡಿಯಾರ ಒತ್ತುವ ಹಸಿರು ಗುಂಡಿ

ಬೋರ್‌ವೆಲ್ ಇರುವ ಯಾವ ರೈತನಿಗೂ ಸ್ಟಾರ್ಟರ್ ಡಬ್ಬಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಸಿರು ಗುಂಡಿ ಒತ್ತಿದರೆ ಮೋಟಾರ್ ಓಡುತ್ತೆ, ಬೆರಳು ತೆಗೆದರೂ ಓಡುತ್ತಲೇ ಇರುತ್ತೆ. ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತೆ. ಕರೆಂಟು ಹೋದರೆ ತಾನಾಗಿಯೇ ಬಿಟ್ಟುಕೊಳ್ಳುತ್ತೆ. ಇಷ್ಟು ತಿಳಿದವರಿಗೆ ಮಣ್ಣಿಲ್ಲದ ಬೇಸಾಯದ ‘ಕಂಟ್ರೋಲರ್’ ಎಂಬ ದೊಡ್ಡ ಹೆಸರಿನ ಡಬ್ಬಿಯೂ ಅರ್ಧ ತಿಳಿದ ಹಾಗೆಯೇ. ಹಸಿರು ಗುಂಡಿಯನ್ನು ಗಡಿಯಾರ ಒತ್ತಬೇಕು, ಕೆಂಪು ಗುಂಡಿಯನ್ನು ನೀರೇ ಒತ್ತಬೇಕು. ವ್ಯತ್ಯಾಸ ಅಷ್ಟೇನೆ.

ಬಣ್ಣಾರಿಯಿಂದ 27 ತಿರುವು ಹತ್ತಿ ಬಂದರೆ ಸಿಗುವ ದಿಂಬಂನಲ್ಲಿ ಇಂಥದ್ದೊಂದು ಡಬ್ಬಿಯನ್ನು ನಾನು ಕೈಯಾರೆ ಕಟ್ಟಿಕೊಂಡಿದ್ದೇನೆ. ಕೋಸು, ಟೊಮೇಟೊ, ಮೆಣಸಿನ ಸಸಿಗಳಿಗೆ ದಿನಕ್ಕೆ ಎರಡು ಸಲ ಅದು ನೀರು ಏರಿಸುತ್ತೆ, ಇಳಿಸುತ್ತೆ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಬರೆದೇ ಬಿಡೋಣ ಅಂತ ಕೂತೆ.

ಇಲ್ಲಿಗೆ ಯಾಕೆ ಬೇಕಾಯ್ತು?

ತಾಳವಾಡಿ ಬಯಲಿನಲ್ಲಿ ಕೋಸು ಹಾಕುವವರ ಕಷ್ಟ ಹುಳ ಒಂದೇ ಅಲ್ಲ. ಸುತ್ತ ಕಾಡು. 2013ರಲ್ಲಿ ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಆನೆ, ಹಂದಿ ಅದಕ್ಕೂ ಮೊದಲೇ ಇದ್ದವು. ಆನೆ ಹೊಲದಲ್ಲಿ ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ನಾಟಿ ಮಾಡಿ ಎಂಟು ಹತ್ತು ದಿನ ಆದ ಮೇಲೆ ನಡುವೆ ನಡೆದುಹೋದರೆ ಎರಡು ಸಾಲು ಹೋಯ್ತು ಅಂತ ಲೆಕ್ಕ. ಅಲ್ಲಿಗೆ ಮರುನಾಟಿ ಮಾಡಬೇಕು, ಅದೂ ಅದೇ ವಯಸ್ಸಿನ ಸಸಿಯಿಂದ. ಚಿಕ್ಕ ಸಸಿ ಇಟ್ಟರೆ ಪಕ್ಕದವು ಮುಚ್ಚಿಬಿಡುತ್ತವೆ, ಕಟಾವು ಒಟ್ಟಿಗೆ ಬರುವುದಿಲ್ಲ. ವ್ಯಾಪಾರಿ ಅರ್ಧ ಗಾಡಿಗೆ ಬರುವುದಿಲ್ಲ.

ಹೋದ ವರ್ಷ ಪಕ್ಕದ ಊರಿನ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಏಳು ಗಂಟೆಗೇ ಬಂದು ನಿಂತಳು. “ಅಣ್ಣೋ, ಸಸಿ ಅವಾ ನಿಮ್ಮತಾವ? ಒಂದು ಸಾವ್ರ ಬೇಕು. ರಾತ್ರಿ ಮೂರು ಬಂದಿದ್ದೋ.” ಬಂದಿದ್ದು ಏನು ಅಂತ ಕೇಳುವ ಹಾಗಿರಲಿಲ್ಲ. ಸಾಲ ತಂದು ಹಾಕಿದ ಕೋಸು ಅದು. ಸಸಿ ಇತ್ತು, ಕೊಟ್ಟೆ. ಇಲ್ಲದೇ ಹೋಗಿದ್ದರೆ ಆ ಸೀಸನ್ನಿಗೆ ಅವಳ ಹೊಲದ ನಡುವೆ ಬಕ್ಕ ನೆಲ ಇರುತ್ತಿತ್ತು.

ಹೀಗೆ ಕಾಪಿಟ್ಟ ಸಸಿ ಸಾಯದೆ ಇರಬೇಕು. ಟ್ರೇ ಸಸಿಗೆ ತೆಂಗಿನ ನಾರಿನ ಪುಡಿ ಬಿಟ್ಟರೆ ಬೇರೆ ಆಧಾರ ಇಲ್ಲ. ಬೆರಳ ತುದಿಯಷ್ಟು ಗುಳಿಯಲ್ಲಿ ಬೇರು ಕೂತಿರುತ್ತೆ. ಬಿಸಿಲು ಜೋರಾಗಿರುವ ದಿನ ಬೆಳಿಗ್ಗೆ ನೀರು ತಪ್ಪಿದರೆ ಸಂಜೆಗೆ ತಲೆ ಹಾಕುತ್ತೆ. ನಮ್ಮ ದಾರಿಯನ್ನು ನಂಬುವ ಹಾಗಿಲ್ಲ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ ದಿಂಬಂ ಘಾಟಿಯ ರಾತ್ರಿ ಸಂಚಾರಕ್ಕೆ ಕಡಿವಾಣ ಬಿತ್ತು. ಹಗಲಲ್ಲೂ ಒಂದು ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಸತ್ಯಮಂಗಲಕ್ಕೆ ಮದುವೆಗೆ ಅಂತ ಇಳಿದವನು ಮಾರನೆ ದಿನ ಮಧ್ಯಾಹ್ನ ಮನೆ ಸೇರಿದ್ದುಂಟು. ಆಗ ಸಸಿಗೆ ನೀರು ಕೊಡುವವರು ಯಾರು? ಈ ಡಬ್ಬಿ ಹುಟ್ಟಿದ್ದು ಆ ಪ್ರಶ್ನೆಗೆ.

ಉಬ್ಬರ, ಇಳಿತ

ಪದ್ಧತಿ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ ಎಂಬ ವಿಜ್ಞಾನಿ 1937ರಲ್ಲಿ ‘ಹೈಡ್ರೋಪೋನಿಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಅದೇ ಕಾಲದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಿತ್ರೋ ದಂಪತಿ ಜಲ್ಲಿ ತುಂಬಿದ ತೊಟ್ಟಿಗೆ ಕೆಳಗಿನಿಂದ ಗೊಬ್ಬರದ ನೀರು ಏರಿಸಿ ಮತ್ತೆ ಇಳಿಸುವ ಕ್ರಮ ರೂಢಿಸಿದರು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬೆಟ್ಟದ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಸ್ ಎಂಬವರು 1946ರಿಂದ ಬಡ ರೈತನಿಗೆ ಎಟಕುವ ಹಾಗೆ ಪ್ರಯೋಗ ಮಾಡಿ, ಅದಕ್ಕೆ ‘ಬೆಂಗಾಲ್ ಪದ್ಧತಿ’ ಎಂದೇ ಹೆಸರಾಯಿತು.

ಕನ್ನಡದಲ್ಲಿ ನಾವು ‘ಉಬ್ಬರವಿಳಿತ’ ಅಂತೀವಿ, ಏರುವುದು ಮೊದಲು. ತೆಲುಗಿನಲ್ಲಿ ‘ಆಟುಪೋಟು’, ಅಲ್ಲಿ ಆಟು ಎಂದರೆ ಇಳಿತ, ಅದೇ ಮೊದಲು. ಎರಡು ಭಾಷೆಯಲ್ಲಿ ಪದ್ಯ ಬರೆಯುವ ನನಗೆ ಈ ವಿಷಯದಲ್ಲಿ ತೆಲುಗಿನ ಸಾಲು ಸರಿ ಅನ್ನಿಸುತ್ತೆ. ಗಿಡಕ್ಕೆ ನೀರು ಏರುವುದಕ್ಕಿಂತ ಇಳಿಯುವುದು ಮುಖ್ಯ. ನೀರು ಕೆಳಗಿಳಿಯುವಾಗ ಅದರ ಹಿಂದೆಯೇ ಹೊಸ ಗಾಳಿ ಬೇರಿನ ತನಕ ಹೋಗುತ್ತೆ. ಬೇರೂ ಉಸಿರಾಡಬೇಕು. ನೀರು ಸಿಗದೆ ಬಾಡಿದ ಸಸಿ ನೀರು ಕೊಟ್ಟರೆ ಎದ್ದೀತು; ನಿಂತ ನೀರಲ್ಲಿ ಕೊಳೆತ ಬೇರು ಏಳುವುದಿಲ್ಲ.

ಮೇಜು ಮತ್ತು ಡ್ರಮ್

ನನ್ನ ಮೇಜು 8 ಅಡಿ ಉದ್ದ, 4 ಅಡಿ ಅಗಲ. ಸುತ್ತ ಮೂರು ಇಂಚಿನ ಅಂಚು, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ. 98 ಗುಳಿಯ ಟ್ರೇ 16 ಹಿಡಿಸುತ್ತೆ, ಅಂದರೆ 1,568 ಸಸಿ. ಒಂದೂವರೆ ಅಡಿ ಅಂತರದಲ್ಲಿ ಕೋಸು ನೆಟ್ಟರೆ ನಮ್ಮ ಲೆಕ್ಕದಲ್ಲಿ ಸುಮಾರು 8 ಸೆಂಟು, ಚಾಮರಾಜನಗರದ ಲೆಕ್ಕದಲ್ಲಿ 3 ಗುಂಟೆ. ಪೂರಾ ಎಕರೆಗೆ ಇದು ಸಾಲದು. ಆನೆ ತುಳಿದ ಜಾಗ ತುಂಬಿಸುವುದಕ್ಕೆ ಸಾಕು.

ಮೇಜಿನ ಕೆಳಗೆ 200 ಲೀಟರಿನ ನೀಲಿ ಡ್ರಮ್. ಒಂದೂವರೆ ಇಂಚು ನೀರು ಏರಿಸಲು ಸುಮಾರು 110 ಲೀಟರ್ ಬೇಕು. 12 ವೋಲ್ಟಿನ ಸಣ್ಣ ಪಂಪು ಎಂಟು ಹತ್ತು ನಿಮಿಷದಲ್ಲಿ ಅಷ್ಟನ್ನು ಎತ್ತುತ್ತೆ. ಪಂಪು ನಿಂತ ತಕ್ಷಣ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಡ್ರಮ್ಮಿಗೆ ಇಳಿಯುತ್ತೆ. ಅದಕ್ಕೇ ಈ ಪೈಪಿಗೆ ಫುಟ್‌ವಾಲ್ವು, ನಾನ್ ರಿಟರ್ನ್ ವಾಲ್ವು ಯಾವುದೂ ಹಾಕಬಾರದು. ಡ್ರಮ್ಮಿಗೆ ಮುಚ್ಚಳ ಕಡ್ಡಾಯ. ಬೆಳಕು ಬಿದ್ದರೆ ಪಾಚಿ, ತೆರೆದಿಟ್ಟರೆ ಸೊಳ್ಳೆ.

ಡಬ್ಬಿಯ ಒಳಗೆ

ಸಾಮಾನು ಹೀಗಿದೆ: 12 ವೋಲ್ಟಿನ ಡಿಜಿಟಲ್ ಟೈಮರ್, ಎರಡು ಜೋಡಿ ಕಾಂಟ್ಯಾಕ್ಟ್ ಇರುವ ಒಂದು ರಿಲೇ, ಎರಡು ಡಿಲೇ ಟೈಮರ್, ಮೂರು ಫ್ಲೋಟ್ ಸ್ವಿಚ್, ಒಂದು ಬಜರ್, ಒಂದು ಡಯೋಡ್, ಫ್ಯೂಸ್. ಜೊತೆಗೆ ಯುಪಿಎಸ್‌ಗೆ ಹಾಕುವ 7 ಆಂಪಿಯರ್-ಅವರ್ ಬ್ಯಾಟರಿ, ಚಿಕ್ಕ ಸೋಲಾರ್ ಪ್ಯಾನೆಲ್, ಅದರ ಚಾರ್ಜರ್. ಪಂಪು ಹೊರತು ಇದೆಲ್ಲ ಸೇರಿದರೂ ಒಂದು ಮೋಟಾರ್ ರಿವೈಂಡಿಂಗ್ ಮಾಡಿಸುವ ಖರ್ಚು ಆಗುವುದಿಲ್ಲ. ಟೈಮರ್ ಒಳಗೆ ಬಟನ್ ಸೆಲ್ ಇರುವಂಥದ್ದನ್ನೇ ಕೇಳಿ ತನ್ನಿ. ಇಲ್ಲದಿದ್ದರೆ ಬ್ಯಾಟರಿ ಇಳಿದ ದಿನ ಅದರ ಗಡಿಯಾರವೇ ಕೆಟ್ಟು, ಬೆಳಿಗ್ಗೆ ಆರರ ನೀರು ನಡುರಾತ್ರಿಗೆ ಬರುತ್ತೆ.

ಕೆಲಸ ಹೀಗೆ. ಬೆಳಿಗ್ಗೆ ಆರಕ್ಕೆ ಟೈಮರ್ ಒಂದೇ ಒಂದು ನಿಮಿಷ ಕರೆಂಟು ಬಿಡುತ್ತೆ. ಇದು ಹಸಿರು ಗುಂಡಿ. ರಿಲೇ ಎಳೆದುಕೊಳ್ಳುತ್ತೆ. ಅದರ ಒಂದು ಜೋಡಿ ಕಾಂಟ್ಯಾಕ್ಟ್ ಪಂಪನ್ನು ಓಡಿಸುತ್ತೆ. ಇನ್ನೊಂದು ಜೋಡಿ ಟೈಮರಿಗೆ ಸಮಾನಾಂತರವಾಗಿ ಕೂತು ರಿಲೇಯನ್ನೇ ಹಿಡಿದಿಡುತ್ತೆ. ಸ್ಟಾರ್ಟರಿನಲ್ಲಿ ಬೆರಳು ತೆಗೆದರೂ ಮೋಟಾರ್ ಓಡುತ್ತಲ್ಲ, ಅದೇ ತಂತ್ರ. ನೀರು ಒಂದೂವರೆ ಇಂಚಿಗೆ ಬಂದಾಗ ಮೇಜಿನ ಮೇಲಿನ ಫ್ಲೋಟ್ ಎದ್ದು ರಿಲೇಯ ದಾರಿ ಕಡಿಯುತ್ತೆ. ಇದು ಕೆಂಪು ಗುಂಡಿ. ರಿಲೇ ಬಿಟ್ಟಿತು, ಪಂಪು ನಿಂತಿತು, ನೀರು ಇಳಿಯಿತು.

ಬರೀ ಫ್ಲೋಟಿನಿಂದಲೇ ಪಂಪು ನಡೆಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ನೀರು ಒಂದು ಗೆರೆ ಇಳಿದೊಡನೆ ಫ್ಲೋಟ್ ಬಿದ್ದು ಪಂಪು ಮತ್ತೆ ಓಡುತ್ತೆ. ಮೇಲಿನ ಮಟ್ಟದಲ್ಲೇ ಟಕಟಕ ಅಂತ ಹತ್ತಿ ಆರಿ, ನೀರು ಇಳಿಯುವುದೇ ಇಲ್ಲ. ಹಿಡಿದಿಡುವ ಆ ಒಂದು ಕಾಂಟ್ಯಾಕ್ಟ್ ಇರುವುದರಿಂದಲೇ ಒಮ್ಮೆ ಬಿಟ್ಟ ಪಂಪು ಮುಂದಿನ ಸರದಿಯವರೆಗೆ ಸುಮ್ಮನಿರುತ್ತೆ.

ಎರಡನೆ ಫ್ಲೋಟ್ ಡ್ರಮ್ಮಿನ ತಳದಲ್ಲಿ. ನೀರಿಲ್ಲದಿದ್ದರೆ ಪಂಪು ಒಣಗಿ ಓಡದ ಹಾಗೆ ಅದೂ ರಿಲೇಯ ದಾರಿಯಲ್ಲೇ ಸಾಲಾಗಿ ಕೂರಬೇಕು. ಮೊದಲ ಡಿಲೇ ಟೈಮರ್ 15 ನಿಮಿಷಕ್ಕೆ ಕಟ್ಟುನಿಟ್ಟಾಗಿ ದಾರಿ ಕಡಿಯುತ್ತೆ. ಮೂರನೆ ಫ್ಲೋಟ್ ಮೇಜಿನ ತಳಕ್ಕೆ ಹತ್ತಿ ಇರುತ್ತೆ. ಅದು 45 ನಿಮಿಷವಾದರೂ ಎದ್ದೇ ಇದ್ದರೆ ನೀರು ಇಳಿದಿಲ್ಲ ಅಂತ ಅರ್ಥ, ಎರಡನೆ ಡಿಲೇ ಟೈಮರ್ ಬಜರ್ ಕೂಗಿಸುತ್ತೆ. ರಿಲೇ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು ತಿರುಗಿಸಿ ಹಾಕಿ. ಅದರ ಗೆರೆ ಇರುವ ತುದಿ ಪ್ಲಸ್ ಕಡೆಗಿರಬೇಕು. ಸುರುಳಿ ಬಿಡುವಾಗ ಏಳುವ ಕಿಡಿ ಟೈಮರಿನ ಕಾಂಟ್ಯಾಕ್ಟನ್ನು ಸುಡುವುದು ತಪ್ಪುತ್ತೆ.

ಈಗಿನ ಹುಡುಗರು ಇದನ್ನೆಲ್ಲ ಆರ್ಡುಯಿನೊ ಎಂಬ ಪುಟ್ಟ ಬೋರ್ಡಿನಲ್ಲಿ ಮಾಡುತ್ತಾರೆ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಬೋರ್ಡು ಅದು. ಬರೆದು ತುಂಬಿಸಿದ ಹಾಗೆ ಕೇಳುತ್ತೆ. ಒಳ್ಳೆಯದೇ. ಆದರೆ ಕೆಟ್ಟರೆ ಬೆಟ್ಟ ಇಳಿಯಬೇಕು. ರಿಲೇ ಆದರೆ ರಿವೈಂಡಿಂಗ್ ಅಂಗಡಿ ಹುಡುಗ ಮುಚ್ಚಳ ತೆಗೆದು ನೋಡಿ, “ಕಾಂಟ್ಯಾಕ್ಟ್ ಕರ್ರಗಾಗದೆ ಕಣಣ್ಣ, ಉಜ್ಜಿಕೊಡ್ತೀನಿ” ಅಂತಾನೆ. ಕಣ್ಣಿಗೆ ಕಾಣುವ ರೋಗಕ್ಕೆ ಊರಲ್ಲೇ ವೈದ್ಯ ಸಿಗುತ್ತಾನೆ.

ಕರೆಂಟೇ ಇಲ್ಲದ ಕಂಟ್ರೋಲರ್

ನಮ್ಮ ಹಿರಿಯರಿಗೆ ತಂತಿಯೇ ಬೇಕಿರಲಿಲ್ಲ. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, 24 ನಿಮಿಷ. ಹಿತ್ತಾಳೆಯ ವಸುದೇವ ಬಟ್ಟಲು ನೋಡಿದವರಿಗೆ ಸೈಫನ್ ಗೊತ್ತು: ನೀರು ಕೃಷ್ಣನ ಪಾದ ಮುಟ್ಟುತ್ತಲೂ ಪೂರಾ ಬಟ್ಟಲು ಕೆಳಗಿನಿಂದ ಖಾಲಿ. ಇದೇ ತತ್ವವನ್ನು ಮೈಸೂರು ಸೀಮೆಯ ಎಂಜಿನಿಯರ್ ಗಣೇಶ ಅಯ್ಯರ್ ಅಣೆಕಟ್ಟಿಗೆ ಅಳವಡಿಸಿದರು. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟಿನ ಸೈಫನ್‌ಗಳು ಲಿಂಗನಮಕ್ಕಿ ಹಿನ್ನೀರು ತೀರಾ ಇಳಿದಾಗ ಮಡೆನೂರಿನಲ್ಲಿ ಈಗಲೂ ಮೇಲೆ ಕಾಣುತ್ತವೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲೂ ಇಂಥ ಸೈಫನ್ ಇದೆ. ನೀರು ಗೆರೆ ದಾಟಿದರೆ ಗೇಟು ತಿರುಗಿಸುವವರಿಲ್ಲದೆ ತಾನೇ ಹೊರಗೆ ಹೋಗುತ್ತೆ.

ಅದರಿಂದ ನಾನು ತೆಗೆದುಕೊಂಡ ಬುದ್ಧಿ ಒಂದೇ: ಕೊನೆಯ ಕಾವಲು ತಂತಿಯದ್ದಾಗಬಾರದು, ಪೈಪಿನದ್ದಾಗಬೇಕು. ಮೇಜಿನ ಅಂಚಿಗಿಂತ ಒಂದು ಇಂಚು ತಗ್ಗಿನಲ್ಲಿ ಒಂದೂವರೆ ಇಂಚಿನ ಪೈಪು ನಿಲ್ಲಿಸಿ ನೇರ ಡ್ರಮ್ಮಿಗೆ ಬಿಟ್ಟಿದ್ದೇನೆ. ಕಳೆದ ಮಳೆಗಾಲದಲ್ಲಿ ಮೇಲಿನ ಫ್ಲೋಟಿಗೆ ಪಾಚಿ ಹತ್ತಿ ಅದು ಏಳಲೇ ಇಲ್ಲ. ನೀರು ಏರಿ ಏರಿ ಆ ಪೈಪಿನಲ್ಲಿ ಸುರಿದು ಡ್ರಮ್ಮಿಗೇ ವಾಪಸು ಬಂತು. 15 ನಿಮಿಷಕ್ಕೆ ಡಿಲೇ ಟೈಮರ್ ಪಂಪು ನಿಲ್ಲಿಸಿತು. ಒಂದು ಲೋಟ ಗೊಬ್ಬರದ ನೀರೂ ನೆಲಕ್ಕೆ ಹೋಗಲಿಲ್ಲ.

ಕೆಲವು ಮಾತು

ಗೊಬ್ಬರದ ನೀರು ಸಸಿಗೆ ತೆಳುವಾಗಿರಬೇಕು, ಪಿಎಚ್ 5.5ರಿಂದ 6.5ರ ಒಳಗೆ ಇರಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ, ಗಂಧಕ ಇರುವ ಗೊಬ್ಬರದ ಜೊತೆ ಗಟ್ಟಿಯಾಗಿ ಕಲಸಬೇಡಿ. ಸುಣ್ಣದ ಹಾಗೆ ತಳ ಹಿಡಿಯುತ್ತೆ. ಎರಡು ಬೇರೆ ಕ್ಯಾನಿನಲ್ಲಿ ಕರಗಿಸಿ, ಡ್ರಮ್ ತುಂಬಿದ ಮೇಲೆ ಒಂದೊಂದಾಗಿ ಹಾಕಿ. ಮಂಜು ಕವಿದ ದಿನ ಒಂದೇ ಸಲ ನೀರು ಸಾಕು. ಒಂದು ಟ್ರೇಗೆ ರೋಗ ಬಂದರೆ ಅದೇ ನೀರು ಎಲ್ಲಕ್ಕೂ ಹೋಗುತ್ತೆ, ಆದ್ದರಿಂದ ಆ ಟ್ರೇ ತೆಗೆದು ಡ್ರಮ್ ತೊಳೆಯಿರಿ. ಮನೆಯ 230 ವೋಲ್ಟ್ ಪಂಪು ಹಾಕುವವರು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಕೈ ಹಾಕಬೇಡಿ. ನೀರು, ಕರೆಂಟು, ಬರಿಗಾಲು ಮೂರೂ ಸೇರುವ ಜಾಗ ಇದು.

ಮಣ್ಣಿಲ್ಲದೆ ಲಕ್ಷಗಟ್ಟಲೆ ಎಂದು ಹೇಳಿಕೊಂಡು ಬರುವವರಿದ್ದಾರೆ. ಅಂಥ ಮಾತಿಗೆ ಹೊಲ ಅಡ ಇಡಬೇಡಿ. ನಮ್ಮ ಕೋಸು ಬೆಳೆಯುವುದು ಮಣ್ಣಿನಲ್ಲೇ. ಈ ಮೇಜು ಹೊಲಕ್ಕೆ ಆಸರೆ, ಹೊಲವಲ್ಲ.

ಕಟ್ಟುವವರು ಸಸಿ ಇಡುವ ಮೊದಲು ಎರಡು ದಿನ ಬರೀ ನೀರಲ್ಲಿ ಓಡಿಸಿ. ಮೇಲಿನ ಫ್ಲೋಟನ್ನು ಕೈಯಲ್ಲಿ ಒತ್ತಿ ಹಿಡಿಯಿರಿ: ಪೈಪಿನಲ್ಲಿ ನೀರು ವಾಪಸು ಬರಬೇಕು. ಪಂಪು ಓಡುವಾಗ ಬ್ಯಾಟರಿ ತಂತಿ ಕೀಳಿರಿ: ಮೇಜು ಖಾಲಿಯಾಗಬೇಕು. ಡ್ರಮ್ ಖಾಲಿ ಮಾಡಿ: ಪಂಪು ಹತ್ತಬಾರದು. ಇಳಿಯುವ ದಾರಿಗೆ ಬಟ್ಟೆ ತುರುಕಿ: ಬಜರ್ ಕೂಗಬೇಕು. ನಾಲ್ಕೂ ಸರಿ ಬಂದರೆ ಸಸಿ ಇಡಿ.